ನಮ್ಮ ಹಳೆಯ ಜಿಲ್ಲೆಯ ಹೆಣ್ಣುಮಗಳು ಕಮಲಾದೇವಿ

ದಿಲ್ಲಿಗೆ ಪ್ರವಾಸ ಹೋದ ನಮ್ಮೂರಿನವರು ಅಲ್ಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಮ್ಮಿಗೆ ಒಂದು ಸುತ್ತು ಹಾಕದೆ ಮರಳುವುದು ಕಡಿಮೆ. ಕೊಳ್ಳಲು ಕೈಯಲ್ಲಿ ಹಣವಿರಲಿ ಇಲ್ಲದಿರಲಿ, ದೇಶದ ಮೂಲೆ ಮೂಲೆಗಳ ಕುಶಲಕರ್ಮಿಗಳ ಕೈಕೆಲಸವನ್ನು ಒಂದೇ ಸೂರಿನಡಿ ಕಂಡ ತೃಪ್ತಿಯಾದರೂ ಸಿಗುತ್ತದೆ. ಅದೇ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ಹೆಸರನ್ನು ಕೇಳದ ರಂಗಾಸಕ್ತರು ನಮ್ಮಲ್ಲಿಲ್ಲ. ಈ ಎರಡು ಸಂಸ್ಥೆಗಳ ಬೆಳವಣಿಗೆಯ ಹಿಂದೆಯೂ ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹೆಣ್ಣುಮಗಳ ದುಡಿಮೆ ಇದೆಯೆಂಬುದು ಮಾತ್ರ ಎಷ್ಟೋ ಮಂದಿಗೆ ತಿಳಿಯದು. ಚಟ್ಟೋಪಾಧ್ಯಾಯ ಎಂಬ ಬಂಗಾಳಿ ಮನೆತನದ ಹೆಸರು ಅವರನ್ನು ನಮ್ಮ ಕಣ್ಣಿನಿಂದ ಮರೆಮಾಡಿದೆಯೋ ಏನೋ.

ಶ್ರೀಮತಿ ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. ಜಿಲ್ಲಾಧಿಕಾರಿಯ ಕಚೇರಿ, ಮೇಲಿನ ಕೋರ್ಟು, ಕಾಲೇಜು ಎಲ್ಲವೂ ಮಂಗಳೂರಿನಲ್ಲಿ. ಅದರ ಮೇಲೆ ಮದರಾಸು ಸರಕಾರ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ಗೆರೆ ಎಳೆಯುವವರೆಗೆ ಆ ಮಂಗಳೂರು ನಮ್ಮದೂ ಆಗಿತ್ತು. ಆದುದರಿಂದ ಈಕೆಯನ್ನು ನಮ್ಮ ಹಳೆಯ ಜಿಲ್ಲೆಯ ಮಗಳೆಂದು ಕರೆಯುವುದರಲ್ಲಿ ತಪ್ಪಿಲ್ಲ.

ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಕರಾವಳಿಯ ಅನುಕೂಲಸ್ಥ ಮನೆತನದಿಂದ ಬಂದವರು. ಸಾರಸ್ವತ ಮನೆ, ಮನೆಮಾತು ಕೊಂಕಣಿ, ಊರಿನ ಮಾತು ಕನ್ನಡ ಮತ್ತು ತುಳು. ನಾಲ್ವರು ಹೆಣ್ಣುಮಕ್ಕಳಲ್ಲಿ ಕಮಲಾದೇವಿಯೇ ಕೊನೆಯವರು. ಅಜ್ಜಿ ಪುರಾಣ, ಶಾಸ್ತ್ರಗಳನ್ನು ಓದಿಕೊಂಡಿದ್ದ ಹೆಂಗಸು. ತಾಯಿ ಮನೆಯಲ್ಲಿಯೇ ಓದು ಕಲಿತು, ಪೂನಾದ ರಮಾಬಾಯಿ ರಾನಡೆಯವರನ್ನೂ ಆನಿ ಬೆಸೆಂಟರನ್ನೂ ಆದರ್ಶವಾಗಿ ಇರಿಸಿಕೊಂಡವರು. ಸಮಾಜ ಸುಧಾರಕರಾಗಿದ್ದ ಸೋದರಮಾವನ ಮನೆಯಲ್ಲಿ ಗೋಖಲೆ, ಶ್ರೀನಿವಾಸ ಶಾಸ್ತ್ರಿಗಳಂಥವರು ಬಂದು ಮಾತಿಗೆ ಕುಳಿತಾಗ ಮೂಲೆಯಲ್ಲಿ ನಿಂತು ಕೇಳುವ ಅವಕಾಶ ಈ ಹುಡುಗಿಗೆ ಸಿಕ್ಕಿತು. ಶಾಲೆಯ ಪಾಠಕ್ಕಿಂತ ಈ ಹಿರಿಯರ ಮಾತುಕತೆಯಿಂದ ಅವರು ಕಲಿತದ್ದೇ ಹೆಚ್ಚು.

ಕಮಲಾದೇವಿಗೆ ಏಳು ವರುಷವಾಗಿದ್ದಾಗ ತಂದೆ ತೀರಿಕೊಂಡರು. ಮರಣಶಾಸನ ಬರೆದಿಟ್ಟಿರಲಿಲ್ಲ. ಅಂದಿನ ಹಿಂದೂ ಕಾನೂನಿನ ಪ್ರಕಾರ ಇದ್ದ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ವಿಧವೆಗೂ ಅವಳ ಹೆಣ್ಣುಮಕ್ಕಳಿಗೂ ಸಲ್ಲುವುದು ತಿಂಗಳು ತಿಂಗಳಿನ ಜೀವನಾಂಶ ಮಾತ್ರ. ಗಿರಿಜಾಬಾಯಿ ಆ ಜೀವನಾಂಶವನ್ನು ಬೇಡವೆಂದುಬಿಟ್ಟರು. ತವರಿನಿಂದ ತಂದ ಸ್ತ್ರೀಧನದಲ್ಲಿಯೇ ಮಕ್ಕಳನ್ನು ಸಾಕುವೆನೆಂದು ಹೊರಟರು.

ಇಲ್ಲಿ ಒಂದು ಮಾತನ್ನು ನಮ್ಮ ಓದುಗರು ಗಮನಿಸಬೇಕು. ಅದೇ ಮಂಗಳೂರಿನಲ್ಲಿ, ಬಹುಶಃ ನಾಲ್ಕು ಹೆಜ್ಜೆ ದೂರದ ಬಂಟರ ಮನೆಯಲ್ಲಿ ಅಳಿಯಸಂತಾನದ ಕಟ್ಟು ನಡೆಯುತ್ತಿತ್ತು. ಅಲ್ಲಿ ಆಸ್ತಿ ಇಳಿದು ಬರುವುದು ಹೆಣ್ಣಿನ ಕಡೆಯಿಂದ. ಚಂದ್ರಗಿರಿ ಹೊಳೆ ದಾಟಿದರೆ ಮರುಮಕ್ಕತ್ತಾಯದ ತರವಾಡುಗಳು. ಅಲ್ಲಿಯೂ ಯಜಮಾನಿಕೆ ಗಂಡಸರದೇ ಎಂಬುದು ನಿಜ. ಆದರೆ ಗಂಡ ಸತ್ತನೆಂದು ಹೆಣ್ಣು ಮನೆಯಿಂದ ಹೊರಗೆ ಬೀಳುತ್ತಿರಲಿಲ್ಲ. ಒಂದೇ ಊರು, ಒಂದೇ ಕಾಲ. ಒಂದು ಬೇಲಿಯ ಆಚೆ ಒಂದು ನ್ಯಾಯ, ಈಚೆ ಇನ್ನೊಂದು. ಏಳು ವರುಷದ ಹುಡುಗಿ ಇದನ್ನೆಲ್ಲ ತೂಗಿ ನೋಡಿದಳೆಂದು ಹೇಳಲಾಗದು. ಆದರೆ ತಂದೆಯ ಮನೆ ತಮ್ಮದಲ್ಲವೆಂದು ಗೊತ್ತಾದ ಆ ದಿನದ ನೆನಪು ಆಕೆಯನ್ನು ಕೊನೆಯವರೆಗೆ ಬಿಡಲಿಲ್ಲ. ವಿಧವೆಗೆ ಗಂಡನ ಆಸ್ತಿಯಲ್ಲಿ ಜೀವಾವಧಿಯ ಪಾಲು ಕೊಡುವ ಕಾಯಿದೆ ಬಂದದ್ದು 1937ರಲ್ಲಿ. ತಂದೆಯ ಆಸ್ತಿಯಲ್ಲಿ ಮಗಳನ್ನು ವಾರಸುದಾರಳೆಂದು ಒಪ್ಪಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಎಂದಾದದ್ದು 2005ರಲ್ಲಿ. ಗಿರಿಜಾಬಾಯಿಯ ಪ್ರಶ್ನೆಗೆ ಪೂರ್ಣ ಉತ್ತರ ಬರಲು ತೊಂಬತ್ತೈದು ವರುಷ ಹಿಡಿಯಿತು!

ತಂದೆಯ ಬೆನ್ನಿಗೆ ಇನ್ನೊಂದು ಸಾವು. ಕಮಲಾದೇವಿ ಬಹಳವಾಗಿ ಹಚ್ಚಿಕೊಂಡಿದ್ದ ಅಕ್ಕ ಸಗುಣಾ, ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ಸ್ವಲ್ಪ ಕಾಲದಲ್ಲಿಯೇ ತೀರಿಹೋದರು. ಇದಾದ ಮೇಲೂ ಮನೆಯವರು ಕಿರಿಯ ಮಗಳಿಗೆ 1917ರಲ್ಲಿ, ಹದಿನಾಲ್ಕನೆಯ ವಯಸ್ಸಿಗೇ ಮದುವೆ ಮಾಡಿಸಿದರು. ಎರಡು ವರುಷ ತುಂಬುವುದರೊಳಗೆ ಗಂಡ ಕೃಷ್ಣರಾವ್ ತೀರಿಕೊಂಡರು. ಬಾಲವಿಧವೆಯ ಪಾಡು ಆಗ ಏನೆಂಬುದನ್ನು ನಮ್ಮ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಯ ಹಿಂದಿನ ಕತ್ತಲೆ ಕೋಣೆ, ಶುಭಕಾರ್ಯಗಳಿಗೆ ಕಣ್ಣಿಗೆ ಬೀಳಬಾರದೆಂಬ ಕಟ್ಟಪ್ಪಣೆ, ಬಣ್ಣವಿಲ್ಲದ ಬಟ್ಟೆ. ಗಿರಿಜಾಬಾಯಿ ಅದನ್ನೂ ಬೇಡವೆಂದರು. ಮಗಳನ್ನು ಓದಲು ಕಳುಹಿಸಿದರು. ಕಮಲಾದೇವಿಯ ಧೈರ್ಯವನ್ನು ಹೊಗಳುವ ಲೇಖನಗಳಲ್ಲಿ ಈ ತಾಯಿಗೆ ಒಂದೆರಡು ಸಾಲಿಗಿಂತ ಹೆಚ್ಚಿನ ಸ್ಥಳ ಸಿಗುವುದಿಲ್ಲ. ನನ್ನ ಮಟ್ಟಿಗೆ ಕಥೆಯ ಬೇರು ಅಲ್ಲಿಯೇ ಇದೆ.

ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುವಾಗ ಸುಹಾಸಿನಿ ಚಟ್ಟೋಪಾಧ್ಯಾಯ ಎಂಬ ಗೆಳತಿ ಸಿಕ್ಕಿದರು. ಆಕೆ ಸರೋಜಿನಿ ನಾಯ್ಡು ಅವರ ತಂಗಿ. ಸುಹಾಸಿನಿಯ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯವಾಯಿತು. ಕವಿ, ನಾಟಕಕಾರ, ಹಾಡುಗಾರ, ನಟ. ಹಿಂದಿ ಚಿತ್ರಗಳನ್ನು ನೋಡುವವರಿಗೆ ಮುಂದೆ ಬಾವರ್ಚಿ ಮೊದಲಾದ ಚಿತ್ರಗಳ ಮುದುಕನ ಪಾತ್ರಗಳಿಂದ ಪರಿಚಿತರಾದವರು ಇವರೇ. ಇಬ್ಬರೂ ಮದುವೆಯಾದರು. ವಿಧವೆಯ ಮರುಮದುವೆ, ಅದೂ ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. ಸಂಪ್ರದಾಯಸ್ಥರಿಗೆ ಆಡಿಕೊಳ್ಳಲು ಇದಕ್ಕಿಂತ ಇನ್ನೇನು ಬೇಕು? ಈ ದಂಪತಿಗೆ ರಾಮಕೃಷ್ಣ ಎಂಬ ಒಬ್ಬ ಮಗ ಹುಟ್ಟಿದ.

ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಂಗಸರು ರಂಗಸ್ಥಳ ಹತ್ತುವುದೆಂದರೆ ಊಹೆಗೂ ಮೀರಿದ ಮಾತು. ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದು ಚೆನ್ನಾಗಿ ಗೊತ್ತು. ಸೀತೆಯೂ ದ್ರೌಪದಿಯೂ ಸೀರೆ ಉಟ್ಟ ಗಂಡಸರೇ. ಅಂಥ ದಿನಗಳಲ್ಲಿ ಕಮಲಾದೇವಿ ಗಂಡನೊಡನೆ ನಾಟಕವಾಡಿದರು, ಊರೂರು ತಿರುಗಿದರು. 1931ರಲ್ಲಿ ತೆರೆ ಕಂಡ ಮೃಚ್ಛಕಟಿಕ ಎಂಬ ಮೂಕಿ ಚಿತ್ರದಲ್ಲಿ ಪಾತ್ರ ವಹಿಸಿದರು. ಮೋಹನ ಭವನಾನಿ ನಿರ್ದೇಶಿಸಿದ ಆ ಚಿತ್ರದಲ್ಲಿ ನಮ್ಮ ಟಿ. ಪಿ. ಕೈಲಾಸಂ ಕೂಡ ಇದ್ದರು. ಬಹಳ ವರುಷಗಳ ಮೇಲೆ, 1943ರಲ್ಲಿ, ಸೈಗಲ್ಲರ ಹಾಡುಗಳಿಂದ ಮನೆಮಾತಾದ ತಾನಸೇನ್ ಚಿತ್ರದಲ್ಲಿಯೂ ಕಾಣಿಸಿಕೊಂಡರು. ಆದರೆ ನಟಿಯಾಗಿ ಹೆಸರು ಗಳಿಸುವುದು ಅವರ ಗುರಿಯಾಗಿರಲಿಲ್ಲ. ಹೆಂಗಸು ಬಣ್ಣ ಹಚ್ಚಿದರೆ ಮನೆತನ ಮುಳುಗುವುದಿಲ್ಲವೆಂದು ನಾಲ್ಕು ಜನರಿಗೆ ತೋರಿಸಿಕೊಟ್ಟದ್ದೇ ದೊಡ್ಡ ಕೆಲಸ.

ಮದುವೆಯಾದ ಮೇಲೆ ಲಂಡನ್ನಿಗೆ ಹೋಗಿ ಅಲ್ಲಿಯ ಬೆಡ್‌ಫೋರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯ ಚಳವಳಿಯ ಸುದ್ದಿ ಕೇಳಿ ಸುಮ್ಮನಿರಲಾರದೆ ಊರಿಗೆ ಮರಳಿ, ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳವನ್ನು ಸೇರಿದರು. ಆ ದಳದ ಮಹಿಳಾ ವಿಭಾಗದಲ್ಲಿ ಇನ್ನೊಬ್ಬ ಮಹನೀಯೆ ಇದ್ದರು, ಉಮಾಬಾಯಿ ಕುಂದಾಪುರ. ಅವರೂ ಮಂಗಳೂರಿನಲ್ಲಿ ಹುಟ್ಟಿದವರು, ಅವರೂ ತರುಣ ವಯಸ್ಸಿನಲ್ಲಿಯೇ ವಿಧವೆಯಾದವರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿಗೆ ಉಮಾಬಾಯಿ ನೂರೈವತ್ತಕ್ಕೂ ಮಿಕ್ಕಿ ಸ್ವಯಂಸೇವಕಿಯರನ್ನು ಕಲೆಹಾಕಿದರು. ಅವರಲ್ಲಿ ಕತ್ತಲೆ ಕೋಣೆಯಿಂದ ಎದ್ದು ಬಂದ ವಿಧವೆಯರೂ ಇದ್ದರು. ಉಮಾಬಾಯಿಯವರ ಜೀವನ ಬೇರೆಯೇ ಒಂದು ಲೇಖನಕ್ಕೆ ವಸ್ತು. ಇಲ್ಲಿ ಇಷ್ಟೇ ಸಾಕು.

ಕಮಲಾದೇವಿಯ ಬದುಕಿಗೆ ತಿರುವು ಕೊಟ್ಟ ಮಾತುಕತೆಗಳು ಎರಡು. ಒಂದು ಮಾರ್ಗರೆಟ್ ಕಸಿನ್ಸರೊಡನೆ ನಡೆದದ್ದು, ಇನ್ನೊಂದು ಗಾಂಧೀಜಿಯೊಡನೆ.

ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನ ಹೆಂಗಸು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿ ತಮ್ಮ ದೇಶದಲ್ಲಿಯೇ ಜೈಲು ಕಂಡವರು. 1915ರಲ್ಲಿ ಮದರಾಸಿಗೆ ಬಂದು ನೆಲೆಸಿದರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದುದರಿಂದ ನಮ್ಮ ಕರಾವಳಿಗೆ ಅವರು ಹೊಸಬರಲ್ಲ. ಮದರಾಸು ಪ್ರಾಂತದಲ್ಲಿ ಹೆಂಗಸರಿಗೆ ಮತದಾನದ ಹಕ್ಕು 1921ರಲ್ಲಿ ಸಿಕ್ಕಿತ್ತು; ಆದರೆ ಆಸ್ತಿ, ತೆರಿಗೆಗಳ ಅಳತೆಗೋಲಿನಲ್ಲಿ ಮತದಾರರನ್ನು ಆರಿಸುತ್ತಿದ್ದ ಆ ದಿನಗಳಲ್ಲಿ ಆ ಹಕ್ಕು ಎಷ್ಟು ಹೆಂಗಸರ ಪಾಲಿಗೆ ಬಂದೀತು? ಗಿರಿಜಾಬಾಯಿಯಂಥವರ ಹೆಸರಿನಲ್ಲಿ ಆಸ್ತಿಯೇ ಇಲ್ಲವಲ್ಲ! ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು 1926ರಲ್ಲಿ. ಹಕ್ಕು ಬಂದ ಮೇಲೆ ಯಾರಾದರೂ ಅದನ್ನು ಬಳಸಬೇಕು. ಬಳಸದ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆಂಬುದು ಕಸಿನ್ಸರ ವಾದ. ಯಾರೂ ಮುಂದೆ ಬಾರದಿದ್ದಾಗ ಅವರು ಕಮಲಾದೇವಿಯನ್ನು ಹಿಡಿದರು. ಇಪ್ಪತ್ತಮೂರರ ಹೆಣ್ಣುಮಗಳು ಮದರಾಸು ಶಾಸನಸಭೆಗೆ ಮಂಗಳೂರಿನಿಂದ ಉಮೇದುವಾರಳಾಗಿ ನಿಂತರು.

ಪ್ರಚಾರಕ್ಕೆ ಉಳಿದಿದ್ದ ದಿನಗಳು ಬೆರಳೆಣಿಕೆಯವು. ಹಿಂದೆ ಪಕ್ಷವಿಲ್ಲ, ಹಣವಿಲ್ಲ. ಹೆಂಗಸೊಬ್ಬಳು ಮತ ಕೇಳಿಕೊಂಡು ಬರುವುದನ್ನು ನಮ್ಮ ಜಿಲ್ಲೆ ಕಂಡದ್ದು ಅದೇ ಮೊದಲು. ಬಹಳ ಕಡಿಮೆ ಮತಗಳ ಅಂತರದಲ್ಲಿ ಅವರು ಸೋತರು. ದೇಶದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಮೊದಲ ಹೆಂಗಸರಲ್ಲಿ ಅವರ ಹೆಸರಿದೆ. ಮರು ವರುಷ, 1927ರಲ್ಲಿ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಸರಕಾರದ ನಾಮಕರಣದ ಮೂಲಕ ಅದೇ ಸಭೆಯನ್ನು ಪ್ರವೇಶಿಸಿ ಉಪಾಧ್ಯಕ್ಷೆಯೂ ಆದರು. ನಮ್ಮ ಕಡೆಯ ಚುನಾವಣಾ ಇತಿಹಾಸ ಬರೆಯುವವರು ಗೆದ್ದವರ ಪಟ್ಟಿಯನ್ನು ಮಾತ್ರ ಕೊಡುತ್ತಾರೆ. ಸೋತವರ ಪಟ್ಟಿಯಲ್ಲಿ ಈ ಒಂದು ಹೆಸರನ್ನಾದರೂ ಸೇರಿಸಬೇಕಿತ್ತು.

ಅಖಿಲ ಭಾರತ ಮಹಿಳಾ ಸಮ್ಮೇಳನ 1927ರಲ್ಲಿ ಪೂನಾದಲ್ಲಿ ಹುಟ್ಟಿದಾಗ ಕಸಿನ್ಸರ ಜೊತೆಗೆ ಕಮಲಾದೇವಿಯೂ ಅದರ ಕೆಲಸಕ್ಕೆ ಹೆಗಲು ಕೊಟ್ಟರು. ಹುಡುಗಿಯರ ಶಿಕ್ಷಣದ ಮಾತಿನಿಂದ ಆರಂಭವಾದ ಸಮ್ಮೇಳನ ಬೇಗನೆ ಬಾಲ್ಯವಿವಾಹ, ಆಸ್ತಿಹಕ್ಕುಗಳ ಮಾತಿಗೆ ಬಂದು ಮುಟ್ಟಿತು. ಶಾರದಾ ಕಾಯಿದೆಯೆಂದು ಹೆಸರಾದ ಬಾಲ್ಯವಿವಾಹ ನಿಷೇಧ ಕಾಯಿದೆ 1929ರಲ್ಲಿ ಬಂತು. ಹೆಣ್ಣಿನ ಮದುವೆಗೆ ಅದು ಗೊತ್ತು ಮಾಡಿದ ಕನಿಷ್ಠ ವಯಸ್ಸು ಹದಿನಾಲ್ಕು. ಅಷ್ಟು ಹೋರಾಡಿ ತಂದ ಕಾಯಿದೆ ಕಮಲಾದೇವಿಯ ಮೊದಲ ಮದುವೆಯನ್ನು ತಡೆಯುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ದಿಲ್ಲಿಯಲ್ಲಿ 1932ರಲ್ಲಿ ತೆರೆದ ಲೇಡಿ ಇರ್ವಿನ್ ಕಾಲೇಜೂ ಈ ಸಮ್ಮೇಳನದ ಪ್ರಯತ್ನದ ಫಲವೇ.

ಇನ್ನು ಗಾಂಧೀಜಿಯೊಡನೆ ನಡೆದ ಮಾತು. 1930ರ ಮಾರ್ಚ್ ತಿಂಗಳಲ್ಲಿ ಸಾಬರಮತಿಯಿಂದ ದಾಂಡಿಗೆ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಮಹಿಳೆಯರಿಗೆ ಹೆಂಡದಂಗಡಿ, ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವೇ ತಕ್ಕುದೆಂದು ಗಾಂಧೀಜಿಯ ಅಭಿಪ್ರಾಯ. ಕಮಲಾದೇವಿಗೆ ಇದು ಒಪ್ಪಿಗೆಯಾಗಲಿಲ್ಲ. ಉಪ್ಪು ಅಡಿಗೆಮನೆಯ ಪದಾರ್ಥ. ಅದರ ಮೇಲಿನ ತೆರಿಗೆಯ ಬಿಸಿ ಮೊದಲು ತಟ್ಟುವುದು ಹೆಂಗಸಿಗೆ. ಆ ಕಾನೂನನ್ನು ಮುರಿಯುವಾಗ ಹೆಂಗಸನ್ನು ಹೊರಗೆ ನಿಲ್ಲಿಸುವುದು ಹೇಗೆ ಸರಿ? ಅವರು ಗಾಂಧೀಜಿಯನ್ನು ಕಂಡು ಈ ಪ್ರಶ್ನೆಯನ್ನು ನೇರವಾಗಿಯೇ ಮುಂದಿಟ್ಟರು. ಗಾಂಧೀಜಿ ಮೊದಲು ಹಿಂಜರಿದರೂ ಕೊನೆಗೆ ಮಣಿದರು. ಮಹಾತ್ಮರೊಡನೆ ವಾದ ಮಾಡಿ ಗೆದ್ದು ಬಂದವರು ಬಹಳ ಮಂದಿ ಇಲ್ಲ. ಆ ಮೇಲೆ ಸಾವಿರಾರು ಹೆಂಗಸರು ಸತ್ಯಾಗ್ರಹಕ್ಕೆ ಇಳಿದದ್ದು ಈಗ ಇತಿಹಾಸ.

ಬೊಂಬಾಯಿಯ ಕಡಲ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿಯಲು ಆರಿಸಿದ ಏಳು ಜನರ ಮೊದಲ ತಂಡದಲ್ಲಿ ಇಬ್ಬರು ಹೆಂಗಸರಿದ್ದರು, ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆ. ಕಡಲ ನೀರು ಕಾಸಿ ತೆಗೆದ ಉಪ್ಪನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಬೀದಿಯಲ್ಲಿ ಮಾರಿದರು. ಕಮಲಾದೇವಿ ಅಷ್ಟಕ್ಕೇ ನಿಲ್ಲಲಿಲ್ಲ. ಷೇರು ಪೇಟೆಯೊಳಕ್ಕೆ ನುಗ್ಗಿ ದಲ್ಲಾಳಿಗಳಿಗೆ ಉಪ್ಪು ಮಾರಿದರು. ಹೈಕೋರ್ಟಿನ ಕಟ್ಟಡಕ್ಕೆ ನಡೆದು, ಅಲ್ಲಿಯ ಮ್ಯಾಜಿಸ್ಟ್ರೇಟರನ್ನು ಸ್ವಾತಂತ್ರ್ಯದ ಉಪ್ಪು ಕೊಳ್ಳುವಿರಾ ಎಂದು ಕೇಳಿದರು! ಮುಂದೆ ಆದದ್ದು ಸೆರೆಮನೆ. ಆ ವರುಷದ ಬಹುಭಾಗ ಅಲ್ಲಿಯೇ ಕಳೆಯಿತು. ಅನಂತರದ ಚಳವಳಿಗಳಲ್ಲಿಯೂ ಅವರಿಗೆ ಜೈಲು ತಪ್ಪಲಿಲ್ಲ. ಎಳೆಯ ಮಗನಿದ್ದ ತಾಯಿಗೆ ಈ ಸೆರೆವಾಸಗಳು ಏನಾಗಿದ್ದವೆಂಬುದನ್ನು ತಾಯಂದಿರೇ ಬಲ್ಲರು.

ಜೈಲಿನಿಂದ ಬಂದವರು ಜಯಪ್ರಕಾಶ ನಾರಾಯಣ, ಯೂಸುಫ್ ಮೆಹರಲಿ ಮೊದಲಾದವರೊಡನೆ ಕಾಂಗ್ರೆಸ್ ಸಮಾಜವಾದಿ ಪಕ್ಷದಲ್ಲಿ ದುಡಿದರು. 1936ರ ಮೀರತ್ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ. ಈ ನಡುವೆ ಹರೀಂದ್ರನಾಥರೊಡನೆ ಬಾಳು ಹೊಂದಿಕೆಯಾಗದೆ ಬೇರೆಯಾದರು, ಮದುವೆ ಬಿಡುಗಡೆಯಲ್ಲಿ ಮುಗಿಯಿತು. ವಿಚ್ಛೇದನವೆಂಬ ಶಬ್ದವನ್ನೇ ನಮ್ಮ ಮನೆಗಳಲ್ಲಿ ಉಚ್ಚರಿಸದ ಕಾಲವದು. ಮರುಮದುವೆಯಾದಾಗ ಆಡಿಕೊಂಡವರು ಈಗ ಇನ್ನೊಮ್ಮೆ ಆಡಿಕೊಂಡರು. ಆಕೆ ತಂದೆಯ ಮನೆಯ ಹೆಸರಿಗೆ ಹಿಂದಿರುಗದೆ ಚಟ್ಟೋಪಾಧ್ಯಾಯ ಎಂಬ ಹೆಸರನ್ನು ಕೊನೆಯವರೆಗೆ ಉಳಿಸಿಕೊಂಡರು.

1939ರಲ್ಲಿ ವಿದೇಶಕ್ಕೆ ಹೋದಾಗ ಯುರೋಪಿನಲ್ಲಿ ಮಹಾಯುದ್ಧ ಸುರುವಾಯಿತು. ಊರಿಗೆ ಮರಳುವ ಬದಲು ಅಮೆರಿಕೆಗೆ ಹೋಗಿ ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡುತ್ತ ತಿರುಗಿದರು. ಅಲ್ಲಿಯ ದಕ್ಷಿಣ ಸೀಮೆಯಲ್ಲಿ ರೈಲಿನಲ್ಲಿಯೂ ಬಿಳಿಯರಿಗೆ ಬೇರೆ ಡಬ್ಬಿ, ಕರಿಯರಿಗೆ ಬೇರೆ ಡಬ್ಬಿ. 1941ರಲ್ಲಿ ಲೂಯಿಸಿಯಾನದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದ ಕಮಲಾದೇವಿಯನ್ನು ಟಿಕೇಟು ನೋಡಲು ಬಂದವನು ಎದ್ದು ಹೋಗಲು ಹೇಳಿದ. ಆಕೆ ಏಳಲಿಲ್ಲ. ಸೀರೆಯುಟ್ಟ ಈ ಪ್ರಯಾಣಿಕಳು ಹೊರದೇಶದವಳೆಂದು ತಿಳಿದಾಗ ಅವನ ದನಿ ಮೆತ್ತಗಾಯಿತು. ಪರದೇಶದ ಅತಿಥಿಯೆಂಬ ನೆಪದಿಂದ ಕುಳಿತುಕೊಳ್ಳಬಹುದಿತ್ತು. ಆ ರಿಯಾಯಿತಿಯನ್ನು ಅವರು ಸ್ವೀಕರಿಸಲಿಲ್ಲ. ತಾನೂ ಬಣ್ಣದ ಚರ್ಮದವಳೇ, ಆದುದರಿಂದಲೇ ಏಳುವುದಿಲ್ಲವೆಂದು ತಿಳಿಸಿ ಕುಳಿತೇ ಇದ್ದರು. ಆತ ಏನೋ ಗೊಣಗುತ್ತ ಹೊರಟುಹೋದನಂತೆ. ಅಲಬಾಮದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಏಳದೆ ಕುಳಿತು ಜಗತ್ಪ್ರಸಿದ್ಧರಾದದ್ದು ಇದಾಗಿ ಹದಿನಾಲ್ಕು ವರುಷಗಳ ಮೇಲೆ, 1955ರಲ್ಲಿ. ಜಪಾನು, ಚೀನಾಗಳನ್ನು ನೋಡಿಕೊಂಡು ಸ್ವದೇಶಕ್ಕೆ ಬಂದವರು ಆ ದೇಶಗಳ ಮೇಲೆಲ್ಲ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದರು.

1946ರಲ್ಲಿ ನೆಹರೂ ಅವರು ಕಮಲಾದೇವಿಯನ್ನು ಕಾಂಗ್ರೆಸ್ ಕಾರ್ಯಕಾರಿ ಸಮಿತಿಗೆ ತೆಗೆದುಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಜೊತೆಗಾರರು ಮಂತ್ರಿಗಳಾದರು, ರಾಜ್ಯಪಾಲರಾದರು, ರಾಯಭಾರಿಗಳಾದರು. ಆಕೆ ಅಧಿಕಾರದ ಹುದ್ದೆಗಳ ಕಡೆಗೆ ಬೆನ್ನು ತಿರುಗಿಸಿ ಹೊರಟದ್ದು ನಿರಾಶ್ರಿತರ ಡೇರೆಗಳಿಗೆ. ದೇಶ ಒಡೆದು ಲಕ್ಷಾಂತರ ಜನ ಮನೆಮಾರು ಬಿಟ್ಟು ದಿಲ್ಲಿಯ ಸುತ್ತ ಬಂದು ಬಿದ್ದಿದ್ದರು. ಅವರಿಗೆ ಗಂಜಿ, ಕಂಬಳಿ ಹಂಚುವವರು ಬಹಳ ಮಂದಿ ಇದ್ದರು. ಗಂಜಿಯ ಸಾಲಿನಲ್ಲಿ ನಿಂತೇ ಮನುಷ್ಯ ಬೇಡುವವನಾಗಿಬಿಡುತ್ತಾನೆಂಬುದು ಕಮಲಾದೇವಿಯ ಚಿಂತೆ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮೊದಲು ದಿಲ್ಲಿಯ ಹೊರವಲಯದ ಛತ್ರಪುರದಲ್ಲಿ ನಿರಾಶ್ರಿತ ಕುಟುಂಬಗಳ ಸಹಕಾರಿ ಬೇಸಾಯ. ಆಮೇಲೆ ಫರೀದಾಬಾದ್.

ಫರೀದಾಬಾದಿಗೆ ಬಂದವರು ವಾಯವ್ಯ ಗಡಿನಾಡಿನ ಜನ, ಪೇಶಾವರ, ಬನ್ನೂ ಕಡೆಯ ಹಿಂದೂ, ಸಿಖ್ಖರು. ವ್ಯಾಪಾರ, ಲೇವಾದೇವಿ ಮಾಡಿಕೊಂಡು ಬಾಳಿದ್ದವರು. ಗುತ್ತಿಗೆದಾರರನ್ನು ಕರೆಸಿ ಮನೆ ಕಟ್ಟಿಸಿಕೊಡುವುದಕ್ಕಿಂತ ಆ ಜನರೇ ಸಹಕಾರ ಸಂಘಗಳಾಗಿ ಸೇರಿ, ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿ, ಕೂಲಿಯನ್ನೂ ತಾವೇ ಪಡೆಯಲಿ ಎಂಬುದು ಯೋಜನೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತವರು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತರು. ಹೀಗೆ ಎದ್ದ ಊರು ಇಂದು ಹರಿಯಾಣದ ದೊಡ್ಡ ಕೈಗಾರಿಕಾ ನಗರ. ಅಧಿಕಾರಿಗಳ ಕಡತಗಳೂ ಸಹಕಾರದ ಆದರ್ಶವೂ ಬಹುಕಾಲ ಜೊತೆಯಾಗಿ ನಡೆಯಲಿಲ್ಲ. ಆ ಪ್ರಯೋಗ ಅಂದುಕೊಂಡಂತೆ ಪೂರ್ತಿಯಾಗದೆ ಸರಕಾರದ ಕೈಗೆ ಹೋಯಿತು. ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದ ಎಲ್. ಸಿ. ಜೈನ್ ಎಂಬ ತರುಣ ಮುಂದೆ 1989ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. ಕಮಲಾದೇವಿಯವರಿಗೆ ಅದೇ ಪ್ರಶಸ್ತಿ 1966ರಲ್ಲಿಯೇ ಬಂದಿತ್ತು.

ಕಮಲಾದೇವಿಯನ್ನು ಜನ ಹೆಚ್ಚಾಗಿ ನೆನೆಯುವುದು ಕರಕುಶಲ ಕಲೆಗಳ ಹೆಸರಿನಲ್ಲಿ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಹೊಣೆ ಅವರ ಮೇಲೆ ಬಿತ್ತು. ಆಗಿನ ಸ್ಥಿತಿ ಹೇಗಿತ್ತೆಂದರೆ, ದೊಡ್ಡ ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಮಾತೇ ಎಲ್ಲೆಲ್ಲೂ. ಮಡಕೆ ಮಾಡುವವನು, ಚಾಪೆ ಹೆಣೆಯುವವಳು, ಕಂಚು ಎರೆಯುವವನು ಹಳೆಯ ಕಾಲದ ಅವಶೇಷಗಳೆಂದು ಓದಿದವರ ಎಣಿಕೆ. ರಾಜರ ಆಶ್ರಯ ಹೋಗಿತ್ತು, ಗಿರಣಿಯ ಮಾಲು ಹಳ್ಳಿಯ ಸಂತೆಯವರೆಗೂ ಬಂದಿತ್ತು. ಕಸಬುಗಾರನ ಮಗ ಪೇಟೆಯಲ್ಲಿ ಜವಾನನ ಕೆಲಸ ಹುಡುಕುತ್ತಿದ್ದ.

ಕಮಲಾದೇವಿ ಕಚೇರಿಯಲ್ಲಿ ಕುಳಿತು ವರದಿ ಓದುವವರಲ್ಲ. ರೈಲಿನಲ್ಲಿ, ಜೀಪಿನಲ್ಲಿ, ಎತ್ತಿನ ಗಾಡಿಯಲ್ಲಿ ಹಳ್ಳಿಗಳಿಗೆ ಹೋದರು. ಕಸಬುಗಾರರ ಜಗಲಿಯ ಮೇಲೆ ಕುಳಿತು ಬಣ್ಣ ಯಾವ ಬೇರಿನಿಂದ, ಮಣ್ಣು ಯಾವ ಕೆರೆಯಿಂದ, ಕೊಳ್ಳುವವರು ಯಾರು, ಕೈಗೆ ಸಿಗುವುದೆಷ್ಟು, ನಡುವಿನವನು ನುಂಗುವುದೆಷ್ಟು ಎಂದು ವಿಚಾರಿಸಿದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಟ್ಟೆಯ ಮೇಲೆ ಲೇಖನಿಯಿಂದ ಚಿತ್ರ ಬರೆಯುವ ಕಲಂಕಾರಿ ಕೊನೆಯುಸಿರು ಎಳೆಯುತ್ತಿತ್ತು; ಬಲ್ಲ ಮುದುಕರು ಕೆಲವೇ ಮಂದಿ. ಅವರನ್ನೇ ಗುರುಗಳಾಗಿ ಮಾಡಿ, ಹುಡುಗರಿಗೆ ಕಲಿಸುವ ಕೇಂದ್ರವನ್ನು ಮಂಡಳಿ 1957ರಲ್ಲಿ ಅಲ್ಲಿ ತೆರೆಯಿತು. ಜಯಪುರದ ನೀಲಿ ಬಣ್ಣದ ಪಿಂಗಾಣಿ ಕೆಲಸ ಮತ್ತೆ ಚಿಗುರಿದ್ದು ಕೃಪಾಲಸಿಂಗ್ ಶೇಖಾವತ್ ಎಂಬ ಚಿತ್ರಕಾರನ ಕೈಯಿಂದ; ಅವರ ಬೆನ್ನ ಹಿಂದೆ ನಿಂತವರಲ್ಲಿ ಕಮಲಾದೇವಿ ಒಬ್ಬರು. ಕಾಟೇಜ್ ಎಂಪೋರಿಯಮ್ಮನ್ನು ಅವರ ಸಹಕಾರಿ ಯೂನಿಯನ್ ವಹಿಸಿಕೊಂಡ ಮೇಲೆ ದಿಲ್ಲಿಯ ಶ್ರೀಮಂತ ಗಿರಾಕಿಗೂ ದೂರದ ಹಳ್ಳಿಯ ಕಸಬುಗಾರನಿಗೂ ನೇರವಾದ ಹಾದಿಯೊಂದು ಬಿತ್ತು. ಕಸಬುಗಾರರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ, ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯ, 1964ರಲ್ಲಿ ಹುಟ್ಟಿದ ಭಾರತೀಯ ಕರಕುಶಲ ಪರಿಷತ್ತು, ಅದೇ ವರುಷದ ವಿಶ್ವ ಕರಕುಶಲ ಪರಿಷತ್ತು, ಎಲ್ಲದರಲ್ಲಿಯೂ ಅವರ ಕೈ ಇದೆ. ಮಗ್ಗದ ಸದ್ದು ಕೇಳಿ ಬೆಳೆದ, ಕಾಸರಗೋಡು ಸೀರೆಗೆ ಹೆಸರಾದ ನಮ್ಮ ಊರಿನವರಿಗೆ, ಸಹಕಾರ ಸಂಘವಿಲ್ಲದಿದ್ದರೆ ನೇಕಾರನ ಗತಿ ಏನಾಗುತ್ತಿತ್ತೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇದರಿಂದೆಲ್ಲ ಕಸಬುಗಾರನ ಬಡತನ ಹೋಯಿತೇ ಎಂದರೆ, ಇಲ್ಲ. ಶ್ರೀಮಂತರ ಮನೆಯ ಹಜಾರದಲ್ಲಿ ಅಲಂಕಾರಕ್ಕೆ ನಿಲ್ಲುವ ಕುದುರೆ ಮಾಡಿದವನ ಮನೆಯಲ್ಲಿ ಇಂದಿಗೂ ಹೊಟ್ಟೆ ತುಂಬುವುದು ಕಷ್ಟವೇ. ಆದರೆ ಆ ಕೈಗಳಲ್ಲಿ ವಿದ್ಯೆ ಉಳಿದುಕೊಂಡಿತು. ಒಮ್ಮೆ ಅಳಿದರೆ ಯಾವ ಅನುದಾನದಿಂದಲೂ ಮರಳಿ ತರಲಾಗದ ವಿದ್ಯೆಗಳು ಇವು.

ರಂಗಭೂಮಿಯನ್ನೂ ಆಕೆ ಮರೆತಿರಲಿಲ್ಲ. ಅವರು ಮುಂದಾಳಾಗಿದ್ದ ಭಾರತೀಯ ನಾಟ್ಯ ಸಂಘ ಯುನೆಸ್ಕೋ ನೆರವಿನಿಂದ 1958ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟನ್ನು ತೆರೆಯಿತು. ಅದೇ ವರುಷ ಸಂಗೀತ ನಾಟಕ ಅಕಾಡೆಮಿ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅದು ಸೇರಿಹೋಯಿತು. ಬಂಟವಾಳ ತಾಲೂಕಿನ ಮಂಚಿಯ ಹುಡುಗ ಬಿ. ವಿ. ಕಾರಂತರು ರಂಗಶಿಕ್ಷಣ ಪಡೆದದ್ದು ಆ ಶಾಲೆಯಲ್ಲಿ, ಮುಂದೆ ನಿರ್ದೇಶಕರಾದದ್ದೂ ಆ ಶಾಲೆಗೇ. ನಾಟ್ಯ ಸಂಘದ ಆಶ್ರಯದಲ್ಲಿಯೇ 1964ರಲ್ಲಿ ಮಾಯಾರಾವ್ ಅವರ ಕಥಕ್ ಮತ್ತು ನೃತ್ಯಸಂಯೋಜನೆಯ ಸಂಸ್ಥೆ ದಿಲ್ಲಿಯಲ್ಲಿ ಆರಂಭವಾಯಿತು. 1987ರಲ್ಲಿ ಅದು ಬೆಂಗಳೂರಿಗೆ ಬಂತು. ವೇಷಭೂಷಣ, ಮುಖವಾಡ, ಗೊಂಬೆಗಳಂಥ ರಂಗಸಾಮಗ್ರಿಗಳಿಗೆಂದೇ ಕಮಲಾದೇವಿ ದಿಲ್ಲಿಯಲ್ಲಿ ಒಂದು ಸಂಗ್ರಹಾಲಯವನ್ನು ಮಾಡಿದರು. ಅದಕ್ಕೆ ಇಟ್ಟ ಹೆಸರು ಶ್ರೀನಿವಾಸ ಮಲ್ಯರದು. ಅವಿಭಜಿತ ಜಿಲ್ಲೆಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿ, ಮಂಗಳೂರಿನ ಬಂದರಿಗೂ ವಿಮಾನ ನಿಲ್ದಾಣಕ್ಕೂ ದುಡಿದು 1965ರಲ್ಲ ತೀರಿಹೋದ ಅದೇ ಮಲ್ಯರು. ದಿಲ್ಲಿಯಲ್ಲಿ ಬಾಳಿದರೂ ಊರು ಎದೆಯಲ್ಲಿತ್ತು.

ಮಾನ ಸನ್ಮಾನಗಳಿಗೆ ಕೊರತೆಯಾಗಲಿಲ್ಲ. 1955ರಲ್ಲಿ ಪದ್ಮಭೂಷಣ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್, 1987ರಲ್ಲಿ ಪದ್ಮವಿಭೂಷಣ. ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆ 1986ರಲ್ಲಿ ಹೊರಬಂತು. ಎಂಬತ್ತು ದಾಟಿದ ಮೇಲೂ ಕೈಮಗ್ಗದ ಸೀರೆಯುಟ್ಟು, ತಲೆಗೆ ಹೂ ಮುಡಿದು ಸಭೆಗಳಿಗೆ ಬರುತ್ತಿದ್ದರು. ಹದಿನಾರು ತುಂಬುವ ಮೊದಲೇ ವಿಧವೆಯಾದವಳಿಗೆ ಸಮಾಜ ಮೊದಲು ಕಸಿಯುವುದು ಆ ಬಣ್ಣ, ಆ ಹೂವುಗಳನ್ನೇ ಅಲ್ಲವೇ?

1988ರ ಅಕ್ಟೋಬರ್ 29ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಬೊಂಬಾಯಿಯಲ್ಲಿ ಅವರು ಕೊನೆಯುಸಿರೆಳೆದರು. ಐವತ್ತೆಂಟು ವರುಷಗಳ ಹಿಂದೆ ಪೊಟ್ಟಣ ಕಟ್ಟಿ ಉಪ್ಪು ಮಾರಿದ್ದು ಅದೇ ಊರಿನಲ್ಲಿ.